ಹಗುರ ಮಾಡುವ ಮೊದಲು ಮುರಿದ ಕಡ್ಡಿಗಳನ್ನೊಮ್ಮೆ ನೋಡೋಣ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರ. ವಯಸ್ಸು 36, ತೂಕ 78 ಕಿಲೋ. ಮೂರು ವರ್ಷಗಳಿಂದ ರೋಡ್ ಬೈಕ್ ತುಳಿಯುತ್ತಿದ್ದೇನೆ. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, 11 ಸ್ಪೀಡಿನ ಶಿಮಾನೊ 105 ಗೇರ್, ರಿಮ್ ಬ್ರೇಕ್, 25 ಮಿ.ಮೀ. ಟಯರ್, ಸೈಕಲ್ಲಿನ ತೂಕ 9.6 ಕಿಲೋ. ಭಾನುವಾರ ಸೇಡಂ ರಸ್ತೆಯಲ್ಲಿ ಮಳಖೇಡದ ತನಕ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ನಾಲ್ಕೈದು ಗೆಳೆಯರು ಸೇರಿ ಹುಮನಾಬಾದ್ ಹಾಯ್ದು ಬೀದರಿಗೆ ಹೋಗುತ್ತೇವೆ. ಕಮಲಾಪುರ ದಾಟಿದ ಮೇಲಿನ ಏರುಗಳಲ್ಲಿ ಅವರು ಕಣ್ಮರೆಯಾಗುತ್ತಾರೆ, ನಾನೊಬ್ಬ ಹಿಂದೆ ಉಳಿಯುತ್ತೇನೆ. ಅವರ ಸೈಕಲ್ಲುಗಳು 8 ಕಿಲೋ ಆಸುಪಾಸು. ನಾನೂ ಒಂದೂವರೆ ಕಿಲೋ ಇಳಿಸಬೇಕೆಂದು 70,000 ರೂಪಾಯಿ ತೆಗೆದಿಟ್ಟಿದ್ದೇನೆ. ಕಾರ್ಬನ್ ರಿಮ್ಮಿನ ಚಕ್ರ, ಕಾರ್ಬನ್ ಹ್ಯಾಂಡಲ್, ಹಗುರ ಕ್ಯಾಸೆಟ್ (ಹಿಂಚಕ್ರದ ಗೇರಿನ ಹಲ್ಲುಚಕ್ರಗಳ ಗೊಂಚಲು), ಹಗುರ ಚೈನ್, ಟಿಪಿಯು (ತೆಳು ಪ್ಲಾಸ್ಟಿಕ್ಕಿನ) ಟ್ಯೂಬ್, ಅಲ್ಯೂಮಿನಿಯಂ ಬೋಲ್ಟ್: ಇದು ನನ್ನ ಪಟ್ಟಿ. ನಮ್ಮ ಓಣಿಯ ಸೈಕಲ್ ಮೇಸ್ತ್ರಿಯವರು ಮಾತ್ರ, "ಹಗುರ ಸಾಮಾನೆಲ್ಲ ಷೋಕಿಗೆ. ನಮ್ಮ ಬಿಸಿಲಿಗೆ ಕಾರ್ಬನ್ ಮೆತ್ತಗಾಗುತ್ತದೆ, ನಮ್ಮ ರಸ್ತೆಗೆ ಮುರಿದು ಬೀಳುತ್ತದೆ" ಎಂದು ಹೆದರಿಸಿದ್ದಾರೆ. ಯಾವುದು ನಿಜ? (ಹಿಂದಿನ ಚಕ್ರದ ಕಡ್ಡಿ ಈ ವರ್ಷ ಎರಡು ಸಲ ಮುರಿದಿದೆ. ಹೇಗೂ ಚಕ್ರ ಬದಲಿಸುವವನಿದ್ದೇನಲ್ಲ ಎಂದು ಸುಮ್ಮನಿದ್ದೇನೆ.)

ಉತ್ತರ: ಪತ್ರದ ಅತಿ ಮುಖ್ಯ ಮಾತನ್ನು ನೀವು ಕೊನೆಗೆ, ಆವರಣದೊಳಗೆ ಬರೆದಿದ್ದೀರಿ. ಕಡ್ಡಿಯ ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದು.

ತಕ್ಕಡಿಯಿಂದಲೇ ಶುರು ಮಾಡೋಣ. ನಿಮ್ಮ ಪಟ್ಟಿಯನ್ನು ಕೂಡಿಸಿ ನೋಡಿದೆ. ಸೈಕಲ್ಲಿನ ಜೊತೆಗೇ ಬಂದ ಚಕ್ರಗಳು ಜೋಡಿಗೆ ಎರಡು ಕಿಲೋದ ಹತ್ತಿರ ಇರುತ್ತವೆ. ಕಾರ್ಬನ್ ರಿಮ್ಮಿನ ಒಳ್ಳೆಯ ಜೋಡಿ 1,450 ಗ್ರಾಂ ಎಂದಿಟ್ಟುಕೊಂಡರೆ ಅರ್ಧ ಕಿಲೋ ಉಳಿಯಿತು. ಹ್ಯಾಂಡಲ್ಲಿನಲ್ಲಿ ಸುಮಾರು 100 ಗ್ರಾಂ, ಎರಡು ಟ್ಯೂಬಿನಲ್ಲಿ 130, ಕ್ಯಾಸೆಟ್ಟಿನಲ್ಲಿ ಮೂವತ್ತರಿಂದ ತೊಂಬತ್ತು, ಚೈನಿನಲ್ಲಿ ಹತ್ತು ಹದಿನೈದು, ಬೋಲ್ಟುಗಳಲ್ಲಿ ಇಪ್ಪತ್ತು ಮೂವತ್ತು. ಎಲ್ಲ ಸೇರಿ 900 ಗ್ರಾಂ ಮುಟ್ಟಿದರೆ ಹೆಚ್ಚು. ಒಂದೂವರೆ ಕಿಲೋ ಆಗುವುದಿಲ್ಲ. ಗೆಳೆಯರ ಸೈಕಲ್ಲಿಗೂ ನಿಮ್ಮದಕ್ಕೂ ಇರುವ ಉಳಿದ ವ್ಯತ್ಯಾಸ ಬಹುಪಾಲು ಫ್ರೇಮಿನಲ್ಲಿದೆ, ಅದು ನಿಮ್ಮ ಪಟ್ಟಿಯಲ್ಲಿ ಇಲ್ಲ.

ಇರಲಿ, ಯಾರೋ ಪುಣ್ಯಾತ್ಮರು ಒಂದೂವರೆ ಕಿಲೋ ಇಳಿಸಿಯೇ ಕೊಟ್ಟರು ಎಂದುಕೊಳ್ಳೋಣ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 700ರ ಆಸುಪಾಸಿನಲ್ಲಿದೆ. ಅಂದರೆ 110 ಕಿ.ಮೀ. ದಾರಿಯ ಎರಡು ತುದಿಗಳ ನಡುವಿನ ಎತ್ತರದ ವ್ಯತ್ಯಾಸ 250 ಮೀಟರ್. ಒಂದು ಕಿಲೋ ಭಾರವನ್ನು 250 ಮೀಟರ್ ಎತ್ತಲು ಬೇಕಾಗುವುದು ಸುಮಾರು 2,450 ಜೂಲ್. 150 ವ್ಯಾಟ್ ಶಕ್ತಿಯಲ್ಲಿ ತುಳಿಯುವವರಿಗೆ ಅದು 16 ಸೆಕೆಂಡಿನ ಕೆಲಸ. ನಡುವಿನ ಏರುತಗ್ಗುಗಳ ಲೆಕ್ಕಕ್ಕೆ ಇದನ್ನು ಮೂರು ಪಟ್ಟು ಮಾಡಿ, ಟಯರ್ ಉರುಳುವಾಗಿನ ಎಳೆತವನ್ನೂ ಸೇರಿಸಿ, ಒಂದೂವರೆ ಕಿಲೋಗೆ ಗುಣಿಸಿ. ನಾಲ್ಕು ತಾಸಿನ ಪ್ರಯಾಣದಲ್ಲಿ ಉಳಿಯುವುದು ಹೆಚ್ಚೆಂದರೆ ಎರಡು ನಿಮಿಷ. ಹುಮನಾಬಾದಿನಲ್ಲಿ ನೀವು ಚಹಾ ಆರಿಸಿಕೊಂಡು ಕುಡಿಯುವ ಹೊತ್ತು ಅದಕ್ಕಿಂತ ಜಾಸ್ತಿ.

ಬರೀ ಏರನ್ನೇ ನೋಡಬೇಕೆಂದರೆ ಅದನ್ನೂ ನೋಡೋಣ. ನೂರಕ್ಕೆ ಮೂರರಷ್ಟು ಏರುವ ಮೂರು ಕಿ.ಮೀ. ದಾರಿ ಇದೆ, ನೀವು 200 ವ್ಯಾಟ್ ತುಳಿಯುತ್ತಿದ್ದೀರಿ. ಸುಮಾರು ಒಂಬತ್ತು ನಿಮಿಷದಲ್ಲಿ ನೆತ್ತಿ ಮುಟ್ಟುತ್ತೀರಿ. ಒಂದೂವರೆ ಕಿಲೋ ಕಡಿಮೆ ಇದ್ದಿದ್ದರೆ ಆರು ಸೆಕೆಂಡು ಮೊದಲು ಮುಟ್ಟುತ್ತಿದ್ದಿರಿ. ಆ ವೇಗದಲ್ಲಿ ಆರು ಸೆಕೆಂಡು ಎಂದರೆ ಮೂವತ್ತು ಚಿಲ್ಲರೆ ಮೀಟರ್. ಕಣ್ಮರೆಯಾಗಲು ಅಷ್ಟು ದೂರ ಸಾಲದು. ನಿಮ್ಮ ಗೆಳೆಯರು ಕಾಣದಷ್ಟು ಮುಂದೆ ಹೋಗುತ್ತಿದ್ದರೆ ಕಾರಣ ಸೈಕಲ್ಲಿನಲ್ಲಿಲ್ಲ, ಕಾಲಿನಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ, ಇದಕ್ಕೊಂದು ಸರಳ ಪರೀಕ್ಷೆ ಇದೆ. ಮುಂದಿನ ಸಲ ಕಲಬುರಗಿಯಿಂದ ಕಮಲಾಪುರದವರೆಗೆ ಗಾಳಿಗೆ ಎದೆಯೊಡ್ಡಿ ಮುಂದೆ ತುಳಿಯುವವರು ಯಾರು, ಬೆನ್ನ ಹಿಂದೆ ಆರಾಮವಾಗಿ ಬರುವವರು ಯಾರು ಎಂದು ಗಮನಿಸಿ. ಸಮತಟ್ಟಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ತುಳಿಯುವಾಗ ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದೆ ನಿಂತವರು ಏರಿನ ಬುಡಕ್ಕೆ ಬರುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತಾರೆ. ಜೂನ್‌ನಿಂದ ಬೀಸತೊಡಗುವ ಪಡುವಣ ಗಾಳಿ ವಾಪಸು ಬರುವಾಗ ಎದುರಾದರಂತೂ ಕೇಳುವುದೇ ಬೇಡ. ಆ ಗಾಳಿಗೆ ಮೈಗೆ ಹತ್ತಿದ ಅಂಗಿಯೊಂದು ಮಾಡುವ ಉಪಕಾರವನ್ನು ಒಂದು ಕಿಲೋ ಕಾರ್ಬನ್ ಮಾಡಲಾರದು.

ಚಕ್ರದ ತೂಕಕ್ಕೆ ಬೇರೆಯೇ ಲೆಕ್ಕ, ಅಲ್ಲಿ ಉಳಿಸಿದ ಒಂದು ಗ್ರಾಂ ನಾಲ್ಕು ಗ್ರಾಮಿಗೆ ಸಮ ಎಂಬ ಮಾತೊಂದು ಸವಾರರ ನಡುವೆ ಓಡಾಡುತ್ತದೆ. ನೀವು ಪಟ್ಟಿಯ ತಲೆಗೆ ಚಕ್ರ ಇಟ್ಟಿದ್ದು ಅದನ್ನು ಕೇಳಿಯೇ ಇರಬಹುದು. ವೇಗ ಹೆಚ್ಚಿಸಿಕೊಳ್ಳುವ ಕ್ಷಣದಲ್ಲಿ ಮಾತ್ರ ರಿಮ್ಮಿನ ತೂಕ ಸುಮಾರು ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಗ್ರಾಂ ಗ್ರಾಮೇ, ಅದು ರಿಮ್ಮಿನಲ್ಲಿದ್ದರೂ ಒಂದೇ, ನಿಮ್ಮ ಜೇಬಿನಲ್ಲಿದ್ದರೂ ಒಂದೇ.

ಇನ್ನು ಮೇಸ್ತ್ರಿಯವರ ಮಾತು. ಬಿಸಿಲಿಗೆ ಕಾರ್ಬನ್ ಮೆತ್ತಗಾಗುವುದಿಲ್ಲ. ಕಾರ್ಬನ್ ಎಳೆಗಳನ್ನು ಹಿಡಿದಿಡುವ ರಾಳ ಸಡಿಲವಾಗಬೇಕಾದರೆ ಸಾಮಾನ್ಯವಾಗಿ ನೂರು ಡಿಗ್ರಿ ದಾಟಬೇಕು. ನಮ್ಮ ಮೇ ತಿಂಗಳ 43 ಡಿಗ್ರಿ ನಮಗೆ ನರಕ, ಅದಕ್ಕೆ ಏನೂ ಅಲ್ಲ. ಉದ್ದನೆಯ ಘಾಟಿ ಇಳಿಯುತ್ತ ಬ್ರೇಕ್ ಹಿಡಿದೇ ಇದ್ದಾಗ ಕಾರ್ಬನ್ ರಿಮ್ ಅಪಾಯದ ಮಟ್ಟಕ್ಕೆ ಕಾಯುವುದುಂಟು. ಅಂಥ ಘಾಟಿ ನಿಮ್ಮ ದಾರಿಯಲ್ಲಿ ಎಲ್ಲಿದೆ? ಬಿಸಿಲಿನಿಂದ ನಿಜವಾಗಿ ಬದಲಾಗುವುದು ಟಯರಿನೊಳಗಿನ ಗಾಳಿ. ಬೆಳಗ್ಗೆ 25 ಡಿಗ್ರಿಯಲ್ಲಿ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ, ಮಧ್ಯಾಹ್ನ 45 ಡಿಗ್ರಿಯಲ್ಲಿ ಮತ್ತೆ ಅಳೆದರೆ 107 ದಾಟಿರುತ್ತದೆ. ಸೈಕಲ್ಲನ್ನು ಮುಚ್ಚಿದ ಕಾರಿನಲ್ಲಿಟ್ಟು ಊಟಕ್ಕೆ ಹೋದರೆ ಇನ್ನೂ ಹೆಚ್ಚು.

"ಹಗುರವಾದದ್ದು ಮುರಿಯುತ್ತದೆ" ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ನಾನು ಒಂದು ಸಾಮಾನನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಿಕೊಳ್ಳುವುದು ಅದರ ತೂಕವನ್ನಲ್ಲ. ಇದು ಹಾಳಾಗುವುದಾದರೆ ಹೇಗೆ ಹಾಳಾಗುತ್ತದೆ? ಸವೆಯುತ್ತ ಸವೆಯುತ್ತ, ಮೊದಲೇ ಸುಳಿವು ಕೊಟ್ಟು ಹೋಗುತ್ತದೆಯೋ? ಅಥವಾ ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಒಮ್ಮೆಗೇ ಕೈ ಕೊಡುತ್ತದೆಯೋ? ಚೈನ್, ಕ್ಯಾಸೆಟ್, ಟಯರ್, ಬ್ರೇಕ್ ಪ್ಯಾಡ್ ಸವೆಯುವ ಜಾತಿ. ಅವುಗಳಲ್ಲಿ ಹಗುರವಾದದ್ದನ್ನು ಹಾಕಿದರೆ ಹೆಚ್ಚೆಂದರೆ ಬೇಗ ಹಣ ಹೋಗುತ್ತದೆ. ಹ್ಯಾಂಡಲ್, ಅದನ್ನು ಸೈಕಲ್ಲಿಗೆ ಹಿಡಿದಿಡುವ ಸ್ಟೆಮ್, ಫೋರ್ಕ್, ಸೀಟಿನ ಕಂಬ, ಅವನ್ನು ಹಿಡಿದಿರುವ ಬೋಲ್ಟ್ ಮುರಿಯುವ ಜಾತಿ. ಅಲ್ಲಿ ಹೋಗುವುದು ಹಲ್ಲು, ಮೂಗು, ಕೊರಳೆಲುಬು.

ನಾನೂ ಈ ಪಾಠವನ್ನು ಪುಕ್ಕಟೆಯಾಗಿ ಕಲಿತವನಲ್ಲ. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಗ್ರಾಂ ಎಣಿಸುವ ಹುಚ್ಚು ನನಗೂ ಹತ್ತಿತ್ತು. ಸ್ಟೆಮ್ಮಿನ ಮುಂದಿನ ನಾಲ್ಕು ಉಕ್ಕಿನ ಬೋಲ್ಟ್ ತೆಗೆದು ಬಣ್ಣ ಬಣ್ಣದ ಅಲ್ಯೂಮಿನಿಯಂ ಬೋಲ್ಟ್ ಹಾಕಿಕೊಂಡೆ. ಉಳಿದದ್ದು ಹತ್ತು ಗ್ರಾಂ. ಜೇವರ್ಗಿಯಿಂದ ವಾಪಸು ಬರುವಾಗ ಕಟ್ಟಿಸಂಗಾವಿಯ ಭೀಮಾ ಸೇತುವೆಯ ಜೋಡಣೆಯ ಮೇಲೆ ಚಕ್ರ ಹಾರಿತು, "ಟಪ್" ಎಂದು ಸಣ್ಣ ಸದ್ದಾಯಿತು. ಕಲ್ಲು ಸಿಡಿಯಿತೆಂದುಕೊಂಡೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹ್ಯಾಂಡಲ್ ಕೈಯೊಳಗೆ ಮೆಲ್ಲಗೆ ಮುಂದಕ್ಕೆ ಉರುಳತೊಡಗಿತು. ಇಳಿದು ನೋಡಿದರೆ ಒಂದು ಬೋಲ್ಟಿನ ತಲೆಯೇ ಇಲ್ಲ, ಅದರ ಕೆಳಗಿನದು ಸಡಿಲ. ಬಲಕ್ಕೆ ಲಾರಿಗಳು, ಎಡಕ್ಕೆ ಸೇತುವೆಯ ಕಟಾಂಜನ. ಅಂದಿನಿಂದ ನನ್ನ ಅಂಗಡಿಯಲ್ಲಿ ಅಲ್ಯೂಮಿನಿಯಂ ಬೋಲ್ಟ್ ನೀರಿನ ಬಾಟಲಿಯ ಪಂಜರಕ್ಕೆ ಬಿಟ್ಟರೆ ಬೇರೆಲ್ಲಿಗೂ ಇಲ್ಲ. ಟೈಟಾನಿಯಂ ಬೋಲ್ಟ್ ಆಗಬಹುದು, ಆದರೆ ಆ ಹಣಕ್ಕೆ ಎರಡು ಒಳ್ಳೆಯ ಟಯರ್ ಬರುತ್ತದಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಇದರ ಹಿಂದಿನ ಲೋಹದ ಗುಣ ಹೀಗಿದೆ. ಉಕ್ಕಿಗೆ ಒಂದು ಮಿತಿಯ ಒಳಗಿನ ಬಾಗುವಿಕೆಯನ್ನು ಎಷ್ಟು ಲಕ್ಷ ಸಲ ಕೊಟ್ಟರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಸಣ್ಣ ಪೆಟ್ಟನ್ನೂ ಅದು ಲೆಕ್ಕ ಇಟ್ಟುಕೊಳ್ಳುತ್ತ ಹೋಗುತ್ತದೆ, ಒಂದು ದಿನ ಲೆಕ್ಕ ಚುಕ್ತಾ ಮಾಡುತ್ತದೆ. ಅದಕ್ಕೇ ಅಲ್ಯೂಮಿನಿಯಂ ಭಾಗಗಳನ್ನು ಉಕ್ಕಿನದಕ್ಕಿಂತ ದಪ್ಪನೆಯ ಕೊಳವೆಯಲ್ಲಿ ಮಾಡುತ್ತಾರೆ, ಬಾಗುವಿಕೆ ಕಡಿಮೆಯಾಗಲೆಂದು. ಕಾರ್ಬನ್ ಈ ದಿನನಿತ್ಯದ ಬಾಗುವಿಕೆಗೆ ಅಲ್ಯೂಮಿನಿಯಂಗಿಂತ ಎಷ್ಟೋ ವಾಸಿ. ಅದಕ್ಕೆ ಆಗದಿರುವುದು ಚೂಪಾದ ಪೆಟ್ಟು ಮತ್ತು ಅತಿಯಾಗಿ ಬಿಗಿದ ಬೋಲ್ಟ್. ಸೈಕಲ್ ನಿಂತಲ್ಲೇ ಕಲ್ಲಿನ ಮೇಲೆ ಬಿದ್ದರೆ ಮೇಲೊಂದು ಗೀರು ಮಾತ್ರ ಕಾಣಬಹುದು, ಒಳಗಿನ ಪದರ ಬಿಟ್ಟುಕೊಂಡಿರಬಹುದು.

ಹಾಗಾದರೆ ಕಾರ್ಬನ್ ಹ್ಯಾಂಡಲ್ ಹಾಕಿಸಬೇಕೋ ಬೇಡವೋ? ಟಾರ್ಕ್ ವ್ರೆಂಚ್ (ಬಿಗಿತ ಅಳೆದು ತಿರುಗಿಸುವ ಪಾನ) ಇಟ್ಟುಕೊಂಡು, ಸ್ಟೆಮ್ಮಿನ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಬಿಗಿಯುವವರಿಗೆ ಆಗಬಹುದು. ಜೋರಾಗಿ ಬಿದ್ದ ಪ್ರತಿ ಸಲ ಅದನ್ನು ಬಿಚ್ಚಿ ತೋರಿಸುವ, ಅನುಮಾನ ಬಂದರೆ ಕಣ್ಣು ಮುಚ್ಚಿ ಎಸೆಯುವ ಗುಂಡಿಗೆಯೂ ಬೇಕು. ಅಷ್ಟು ದುಡ್ಡು ಕೊಟ್ಟ ವಸ್ತುವನ್ನು ಗೀರಿಗೆ ಹೆದರಿ ಎಸೆದವರನ್ನು ನಾನು ಕಂಡದ್ದು ಕಡಿಮೆ. 100 ಗ್ರಾಮಿನ ಆಸೆಗೆ ನಿಮಗೆ ಇದನ್ನು ಹೇಳಲಾರೆ.

ಆದರೆ ನಿಮ್ಮ ಈಗಿನ ಅಲ್ಯೂಮಿನಿಯಂ ಹ್ಯಾಂಡಲ್ಲನ್ನೂ ನಂಬಿ ಕೂರಬೇಡಿ. ಮೂರು ಬೇಸಿಗೆ ಆಗಿದೆ ಎನ್ನುತ್ತೀರಿ. ನಮ್ಮ ಕಡೆಯ ಸವಾರರ ಬೆವರು ಸಾಮಾನ್ಯದ್ದಲ್ಲ, ಟೇಪಿನ ಕೆಳಗೆ ಇಳಿದು ಅಲ್ಲೇ ಒಣಗಿ ಉಪ್ಪಾಗುತ್ತದೆ. ಕಳೆದ ವರ್ಷ ಯಾದಗಿರಿಯಿಂದ ಬಂದ ಸೈಕಲ್ಲೊಂದರ ಟೇಪ್ ಬಿಚ್ಚಿದಾಗ ಒಳಗಿನಿಂದ ಸುಣ್ಣದಂಥ ಬಿಳಿ ಪುಡಿ ಉದುರಿತು. ಒರೆಸಿ ನೋಡಿದರೆ ಬ್ರೇಕ್ ಲಿವರ್ ಕೂರುವ ಜಾಗದಲ್ಲಿ ಸಿಡುಬಿನ ಕಲೆಯಂತೆ ಗುಳಿಗಳು. ಒಂದು ಗುಳಿಯಿಂದ ಕೂದಲೆಳೆಯಷ್ಟು ಸೀಳು ಅಡ್ಡ ಹೊರಟಿತ್ತು. ಆ ಸವಾರರು ಬಂದದ್ದು ಟೇಪಿನ ಬಣ್ಣ ಬದಲಿಸುವುದಕ್ಕೆ! ಟೇಪ್ ಬಿಚ್ಚಿಸಿ ನೋಡಿ. ಗುಳಿ ಕಂಡರೆ ಹ್ಯಾಂಡಲ್ ಬದಲಿಸಿ. ಒಳ್ಳೆಯ ಅಲ್ಯೂಮಿನಿಯಂ ಹ್ಯಾಂಡಲ್ಲೇ ಸಾಕು.

ಕ್ಯಾಸೆಟ್ ಮತ್ತು ಚೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 105ರ 11-28 ಕ್ಯಾಸೆಟ್ (ಚಿಕ್ಕ ಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 28) ಸುಮಾರು 284 ಗ್ರಾಂ, ಶಿಮಾನೊದ್ದೇ ಮೇಲಿನ ದರ್ಜೆಯ ಅಲ್ಟೆಗ್ರಾ 251, ಅದಕ್ಕೂ ಮೇಲಿನ ಡ್ಯುರಾ ಏಸ್ 193. ಡ್ಯುರಾ ಏಸ್‌ನ ದೊಡ್ಡ ಹಲ್ಲುಚಕ್ರಗಳು ಟೈಟಾನಿಯಂ. ಹಗುರ ಹೌದು, ಆದರೆ ಹಲ್ಲಿನ ಸವಕಳಿಯಲ್ಲಿ ಉಕ್ಕಿಗೆ ಸಾಟಿಯಿಲ್ಲ. ಸ್ಪರ್ಧೆಗೆ ಇಳಿಯುವವರಿಗೆ ಆ ಲೆಕ್ಕ ಸರಿ. ಅಲ್ಲಿಯೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ 6.8 ಕಿಲೋಗಿಂತ ಕಡಿಮೆ ಇರಬಾರದೆಂದು ಮಿತಿ ಹಾಕಿದೆ. ನಿಮಗೆ ಉಕ್ಕಿನ 105 ಇರಲಿ.

ಚೈನಿನಲ್ಲಿ ಹತ್ತು ಗ್ರಾಂ ಉಳಿಸುವುದಕ್ಕಿಂತ ಅದರ ಆಯುಷ್ಯ ಉಳಿಸುವುದು ದೊಡ್ಡ ಕೆಲಸ, ಅದರಲ್ಲೂ ಸೇಡಂ ರಸ್ತೆಯಲ್ಲಿ. ಮಳಖೇಡದ ಕಡೆ ನೀವು ಹೋಗುವ ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಲಾರಿಗಳು ಹಗಲೂ ರಾತ್ರಿ ಓಡುತ್ತವೆ. ಶಹಾಬಾದಿನ ಕಡೆ ಹೋದರೆ ಕಲ್ಲು ಕೊಯ್ದ ಪುಡಿ. ರಸ್ತೆಯ ಅಂಚಿನಲ್ಲಿ ಕೂತಿರುವ ಆ ಬೂದು ಧೂಳು ಎಣ್ಣೆಯ ಜೊತೆ ಸೇರಿದರೆ ಉಪ್ಪುಕಾಗದ ಅರೆದು ಮಾಡಿದ ಚಟ್ನಿ. ಇವತ್ತು ಸವಾರಿಯಿಂದ ಬಂದ ಮೇಲೆ ಚೈನನ್ನು ಎರಡು ಬೆರಳಿನ ನಡುವೆ ಹಿಡಿದು, ಬೆರಳಿಗೆ ಅಂಟಿದ್ದನ್ನು ಉಜ್ಜಿ ನೋಡಿ. ಕರಕರ ಎಂದರೆ ನಿಮ್ಮ ಚೈನ್ ಒಳಗೂ ಹಾಗೆಯೇ ಅರೆಯುತ್ತಿದೆ. ಚೈನ್ ಉದ್ದವಾಯಿತು ಎನ್ನುತ್ತೇವಲ್ಲ, ಲೋಹ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ ಒಳಗೆ ಸವೆದು ಸಡಿಲವಾಗುತ್ತದೆ, ಅಷ್ಟೂ ಸೇರಿ ಉದ್ದ. 24 ಕೊಂಡಿಯ ಉದ್ದ ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ. ಅದು ಒಂದೂವರೆ ಮಿಲಿಮೀಟರ್ ಬೆಳೆದರೆ 11 ಸ್ಪೀಡಿನ ಚೈನ್ ತೆಗೆಯುವ ಹೊತ್ತು ಬಂತು. ತೆಗೆಯದಿದ್ದರೆ ಅದು ಕ್ಯಾಸೆಟ್ಟನ್ನೂ ತನ್ನೊಡನೆ ಕರೆದುಕೊಂಡು ಹೋಗುತ್ತದೆ.

ನಮ್ಮ ಒಣ ಧೂಳಿಗೆ ನಾನು ಕಂಡ ಒಳ್ಳೆಯ ಉಪಾಯ ಮೇಣ. ಹೊಸ ಚೈನಿನ ಕಾರ್ಖಾನೆಯ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಿ, ಪ್ಯಾರಾಫಿನ್ ಮೇಣವನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಚೈನನ್ನು ಅದರಲ್ಲಿ ಹತ್ತು ನಿಮಿಷ ಮುಳುಗಿಸಿ ಅಲುಗಾಡಿಸಿ ತೂಗುಹಾಕುವುದು. ನೇರ ಉರಿಯ ಮೇಲೆ ಮಾತ್ರ ಮೇಣ ಇಡಬೇಡಿ, ಬೆಂಕಿ ಹತ್ತುತ್ತದೆ. ಆರಿದ ಮೇಲೆ ಚೈನ್ ಕೋಲಿನ ಹಾಗೆ ಸೆಟೆದಿರುತ್ತದೆ. ಕೊಂಡಿ ಕೊಂಡಿ ಬಿಡಿಸಿ ಹಾಕಬೇಕು. "ಬಿಸಿಲಿಗೆ ಮೇಣ ಕರಗಿ ಸೋರುವುದಿಲ್ಲವೇ" ಎಂದು ಎಲ್ಲರೂ ಕೇಳುತ್ತಾರೆ. ಪ್ಯಾರಾಫಿನ್ ಕರಗುವುದು 55ರಿಂದ 65 ಡಿಗ್ರಿಯ ನಡುವೆ. ಅಷ್ಟು ಬಿಸಿಲು ಬಂದ ದಿನ ಚೈನಿನ ಚಿಂತೆ ಮಾಡಲು ನಾವಿರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಮೇಣ ಬೇಗ ತೊಳೆದುಹೋಗುತ್ತದೆ, ನೆನೆದು ಬಂದ ಸಂಜೆಯೇ ಚೈನ್ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ.

ಟಯರ್ ಮತ್ತು ಟ್ಯೂಬ್ ವಿಷಯದಲ್ಲಿ ನನ್ನ ಸಲಹೆ ನಿಮಗೆ ಉಲ್ಟಾ ಎನಿಸಬಹುದು. ಅಲ್ಲಿ ತೂಕ ಹೆಚ್ಚಿಸಿ. 25 ತೆಗೆದು, ಮುಳ್ಳು ತಡೆಯುವ ಅಡ್ಡಪಟ್ಟಿ ಇರುವ 28 ಮಿ.ಮೀ. ಟಯರ್ ಹಾಕಿಸಿ. ನಿಮ್ಮ 105 ಬ್ರೇಕ್ 28ನ್ನು ಹಿಡಿಸುತ್ತದೆ. ಫ್ರೇಮಿನಲ್ಲಿ ಹಿಂದಿನ ಚಕ್ರದ ಸುತ್ತ ಜಾಗ ಇದೆಯೇ ಎಂದು ಅಳೆಯಿರಿ, ಎರೆ ಮಣ್ಣು ಮೆತ್ತಿಕೊಂಡಾಗಲೂ ಉಜ್ಜಬಾರದು. ಜೋಡಿಗೆ ನೂರು ಗ್ರಾಂ ಹೆಚ್ಚಾಗಬಹುದು. ಬದಲಿಗೆ ಗಾಳಿಯನ್ನು 100ರಿಂದ 80ರ ಆಸುಪಾಸಿಗೆ ಇಳಿಸಬಹುದು. ಕೆದರಿದ ಡಾಂಬರಿನ ಮೇಲೆ ಕಲ್ಲಿನಂತೆ ಬಿಗಿದ ಟಯರ್ ನಿಮ್ಮನ್ನೂ ಸೈಕಲ್ಲನ್ನೂ ಎತ್ತೆತ್ತಿ ಹಾಕುತ್ತದೆ, ಹಾಗೆ ಎತ್ತುವುದಕ್ಕೆ ಖರ್ಚಾಗುವುದು ನಿಮ್ಮದೇ ಶಕ್ತಿ. ಸ್ವಲ್ಪ ಮೆದುವಾದ ಟಯರ್ ಕಲ್ಲನ್ನು ತಾನೇ ನುಂಗಿ ಮುಂದೆ ಹೋಗುತ್ತದೆ. ರಿಮ್, ಕಡ್ಡಿ, ಹ್ಯಾಂಡಲ್ ಎಲ್ಲದರ ಆಯುಷ್ಯವೂ ಬೆಳೆಯುತ್ತದೆ. ನಿಮ್ಮ ಇಡೀ ಪಟ್ಟಿಯಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ವಸ್ತು ಇಲ್ಲ.

ಟಿಪಿಯು ಟ್ಯೂಬ್ 35 ಗ್ರಾಂ, ನಿಮ್ಮ ಮಾಮೂಲಿ ರಬ್ಬರ್ ಟ್ಯೂಬ್ 100. ನಾನು ಅದನ್ನು ಚೆನ್ನಾಗಿಯೇ ಬಳಸುತ್ತೇನೆ, ಸೀಟಿನ ಕೆಳಗಿನ ಚೀಲದಲ್ಲಿ! ಹೆಚ್ಚುವರಿ ಟ್ಯೂಬಾಗಿ ಅದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂರುತ್ತದೆ. ಚಕ್ರದೊಳಗೆ ಬೇಡ ಎನ್ನುವುದಕ್ಕೆ ಕಾರಣ ನಮ್ಮ ಜಾಲಿ ಮುಳ್ಳು ಮತ್ತು ನೆಗ್ಗಿಲು ಮುಳ್ಳು. ರಬ್ಬರ್ ಟ್ಯೂಬಾದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ತೇಪೆ ಹಾಕುತ್ತಾರೆ. ಟಿಪಿಯುಗೆ ಅದರದೇ ತೇಪೆ ಬೇಕು, ಮಾಮೂಲಿ ಸೊಲ್ಯೂಷನ್ ಅಂಟುವುದಿಲ್ಲ. ತೂತು ಹುಡುಕಲು ಟಯರಿನ ಹೊರಗೆ ಜೋರಾಗಿ ಗಾಳಿ ತುಂಬಿದರೆ ಬಲೂನಿನ ಹಾಗೆ ಹಿಗ್ಗಿ ಮತ್ತೆ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ಟ್ಯೂಬ್‌ಲೆಸ್ ಮಾಡಿಸಲೇ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು: ಒಳಗಿನ ಅಂಟುದ್ರವ ನಮ್ಮ ಬೇಸಿಗೆಯಲ್ಲಿ ಬೇಗ ಒಣಗಿ ಹಪ್ಪಳವಾಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಅದು.

ಈಗ ಚಕ್ರ. ಕಾರ್ಬನ್ ರಿಮ್ ನಿಮಗೆ ಬೇಡ ಎನ್ನುತ್ತಿರುವುದು ಮುರಿಯುವ ಭಯಕ್ಕಲ್ಲ. ರಿಮ್ ಬ್ರೇಕಿನಲ್ಲಿ ಬ್ರೇಕ್ ಉಜ್ಜುವುದು ರಿಮ್ಮನ್ನೇ. ಸಿಮೆಂಟ್ ಧೂಳು, ಮರಳಿನ ಕಣ ಪ್ಯಾಡಿಗೆ ಹತ್ತಿಕೊಂಡು ಪ್ರತಿ ಸಲ ಬ್ರೇಕ್ ಹಿಡಿದಾಗ ರಿಮ್ಮಿನ ಗೋಡೆಯನ್ನು ಅರೆಯುತ್ತವೆ. ಅಲ್ಯೂಮಿನಿಯಂ ರಿಮ್ ಸವೆದರೆ ಅದರ ಮೇಲಿನ ಗುರುತಿನ ಗೆರೆಯೋ ಚುಕ್ಕಿಯೋ ಮಾಯವಾಗಿ ಸುಳಿವು ಕೊಡುತ್ತದೆ, ರಿಮ್ ಮಾತ್ರ ಬದಲಿಸಿದರೆ ಮುಗಿಯಿತು. ಕಾರ್ಬನ್ನಿನಲ್ಲಿ ಅದು ದುಬಾರಿ ಬಾಬತ್ತು. ಮಳೆಯಲ್ಲಿ ಅದರ ಬ್ರೇಕ್ ಹಿಡಿತವೂ ಕಡಿಮೆ. ಡಿಸ್ಕ್ ಬ್ರೇಕಿನ ಸೈಕಲ್ ಆಗಿದ್ದರೆ ನಾನು ಇಷ್ಟು ಅಡ್ಡ ಬರುತ್ತಿರಲಿಲ್ಲ. ಒಳ್ಳೆಯ ಅಲ್ಯೂಮಿನಿಯಂ ಚಕ್ರದ ಜೋಡಿ 1,600 ಗ್ರಾಮಿಗೆ ಸಿಗುತ್ತದೆ. ಕಾರ್ಬನ್ನಿಗೂ ಅದಕ್ಕೂ ಅಂತರ 150 ಗ್ರಾಂ, ಬೆಲೆಯ ಅಂತರ ನಿಮಗೇ ಗೊತ್ತಿದೆ. ಕೊಳ್ಳುವಾಗ 20 ಕಡ್ಡಿಯ ಹಿಂಚಕ್ರದ ಮೋಹಕ್ಕೆ ಬೀಳಬೇಡಿ. ಅಂಥದ್ದರಲ್ಲಿ ಒಂದು ಕಡ್ಡಿ ಹೋದರೆ ರಿಮ್ ಬ್ರೇಕಿಗೆ ಬಡಿಯುವಷ್ಟು ವಾಲುತ್ತದೆ, ಮನೆಗೆ ಆಟೊ ಹಿಡಿಯಬೇಕು. 28ಕ್ಕೆ ಕಡಿಮೆ ಬೇಡ.

ಆದರೆ ಹೊಸ ಚಕ್ರ ಬೇಕೇ ಬೇಕೆ? ಇಲ್ಲಿಗೆ ನಿಮ್ಮ ಆವರಣದೊಳಗಿನ ಮಾತು ಬಂತು. 78 ಕಿಲೋದ ಸವಾರರಿಗೆ ಮೂರು ವರ್ಷಕ್ಕೇ ಹಿಂಚಕ್ರದ ಕಡ್ಡಿ ಎರಡು ಸಲ ಮುರಿಯಬಾರದು. ಕಡ್ಡಿ ಮುರಿದಾಗ "ಭಾರಕ್ಕೆ ಮುರಿಯಿತು, ಇನ್ನೂ ದಪ್ಪ ಕಡ್ಡಿ ಹಾಕಿ" ಎನ್ನುವವರೇ ಹೆಚ್ಚು. ಬಹುತೇಕ ಕಡ್ಡಿಗಳು ಮುರಿಯುವುದು ಭಾರಕ್ಕಲ್ಲ, ಸಡಿಲಕ್ಕೆ. ಚಕ್ರ ಉರುಳುವಾಗ ನೆಲ ಮುಟ್ಟುವ ಕಡೆಯ ಕಡ್ಡಿಯ ಬಿಗಿತ ಪ್ರತಿ ಸುತ್ತಿಗೂ ಒಮ್ಮೆ ಇಳಿದು ಮತ್ತೆ ಏರುತ್ತದೆ. ಮೊದಲೇ ಸಾಕಷ್ಟು ಬಿಗಿ ಇದ್ದರೆ ಇದು ಸಣ್ಣ ಏರಿಳಿತ. ಸಡಿಲವಿದ್ದರೆ ಕಡ್ಡಿ ಒಂದು ಕ್ಷಣ ಪೂರ್ತಿ ಸೋತು, ಮರುಕ್ಷಣ ಜಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಚಕ್ರದ ನಡುವಿನ ಹಬ್ಬಿನ ಹತ್ತಿರ ಕಡ್ಡಿ ಬಾಗಿರುವ ಮೊಣಕೈಯಲ್ಲಿ ಅದು ದಣಿದು ಹೋಗುತ್ತದೆ. ಹಿಂಚಕ್ರದಲ್ಲಿ ಗೇರಿಗೆ ಜಾಗ ಬಿಡಲು ರಿಮ್ಮನ್ನು ಒಂದು ಮಗ್ಗುಲಿಗೆ ಎಳೆದಿರುವುದರಿಂದ ಎಡಗಡೆಯ ಕಡ್ಡಿಗಳಿಗೆ ಬಲಗಡೆಯ ಅರ್ಧದಷ್ಟು ಬಿಗಿತವೂ ಕಷ್ಟದಲ್ಲಿ ಸಿಗುತ್ತದೆ. ಯಂತ್ರ ಕಟ್ಟಿದ ಅಗ್ಗದ ಚಕ್ರದಲ್ಲಿ ಬಲಗಡೆಯೇ ಸಡಿಲ ಇದ್ದರೆ ಎಡಗಡೆಯನ್ನು ದೇವರೇ ಕಾಯಬೇಕು.

ಮೇಸ್ತ್ರಿಯವರ "ಹಗುರವಾದದ್ದು ಮುರಿಯುತ್ತದೆ" ಎಂಬ ಮಾತು ಪೂರ್ತಿ ಉಲ್ಟಾ ಹೊಡೆಯುವುದೂ ಇಲ್ಲೇ. ಎರಡು ತುದಿಯಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ಇರುವ ಕಡ್ಡಿಗಳು ಬರುತ್ತವೆ. ಪೂರ್ತಿ ದಪ್ಪ ಇರುವ ಕಡ್ಡಿಗಿಂತ ಅವು ಹಗುರ, ಎರಡೂ ಚಕ್ರ ಸೇರಿ 60 ಗ್ರಾಂ ಹತ್ತಿರ ಉಳಿಯುತ್ತದೆ. ನಡುವಿನ ತೆಳು ಭಾಗ ರಬ್ಬರಿನಂತೆ ತುಸು ಹಿಗ್ಗಿ ಜಗ್ಗಾಟವನ್ನು ತಾನು ತೆಗೆದುಕೊಳ್ಳುವುದರಿಂದ ಮೊಣಕೈಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ, ಕಡ್ಡಿ ಹೆಚ್ಚು ಕಾಲ ಬಾಳುತ್ತದೆ. ಸೈಕಲ್ಲಿನಲ್ಲಿ ತೂಕ ಇಳಿಸಿದ್ದಕ್ಕೆ ಬಾಳಿಕೆ ಹೆಚ್ಚುವ ಜಾಗಗಳು ಬಹಳಿಲ್ಲ, ಇದೊಂದು.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಈಗಿನ ಹಬ್ಬಿನ ಬೇರಿಂಗ್ ಮತ್ತು ರಿಮ್ಮಿನ ಗೋಡೆ ಚೆನ್ನಾಗಿದ್ದರೆ, ಹಿಂಚಕ್ರವನ್ನು ಪೂರ್ತಿ ಬಿಚ್ಚಿಸಿ ಇಂಥ ಕಡ್ಡಿಗಳಲ್ಲಿ ಕೈಯಿಂದ ಕಟ್ಟಿಸುತ್ತೇನೆ. ಬಲಗಡೆಯ ಬಿಗಿತ 110 ಕಿಲೋ ಬಲದ ಆಸುಪಾಸಿರಬೇಕು, ಅಳೆಯುವ ಮೀಟರ್ ಇರುವವರ ಬಳಿ ಮಾತ್ರ ಕೊಡಿ. ರಿಮ್ ಸವೆದಿದ್ದರೆ 1,600 ಗ್ರಾಮಿನ ಅಲ್ಯೂಮಿನಿಯಂ ಜೋಡಿ. ಜೊತೆಗೆ 28ರ ಟಯರ್, ಒಂದು ಟಾರ್ಕ್ ವ್ರೆಂಚ್, ಮೇಣ. ಮೊದಲ ದಾರಿಯಲ್ಲಿ ನಿಮ್ಮ 70,000ದ ಕಾಲು ಭಾಗವೂ ಖರ್ಚಾಗುವುದಿಲ್ಲ. ಅಪಾಯ ಇಷ್ಟೇ, ತೂಕ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ, ಗೆಳೆಯರ ಮುಂದೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಎರಡನೆಯದರಲ್ಲಿ ಸುಮಾರು 400 ಗ್ರಾಂ ಇಳಿಯುತ್ತದೆ, ಟಯರ್ ಅದರಲ್ಲಿ ನೂರನ್ನು ವಾಪಸು ತಿನ್ನುತ್ತದೆ. ಇಷ್ಟಾದ ಮೇಲೂ ಹಗುರ ಸೈಕಲ್ ಬೇಕೆಂಬ ಆಸೆ ಉಳಿದರೆ, ಆಸೆಗೆ ನನ್ನ ತಕರಾರಿಲ್ಲ, ಬಿಡಿಬಿಡಿಯಾಗಿ ಖರ್ಚು ಮಾಡದೆ ಆ ಹಣವನ್ನು ಕೂಡಿಟ್ಟು ಎರಡು ವರ್ಷದ ನಂತರ ಸೈಕಲ್ಲನ್ನೇ ಬದಲಿಸಿ. ಈ ಫ್ರೇಮಿಗೆ ಕಾರ್ಬನ್ ತುಂಬುವುದು ಹಳೆಯ ಮನೆಗೆ ಇಟಲಿಯ ಕಲ್ಲು ಹಾಸಿದ ಹಾಗೆ. ನಮ್ಮ ಶಹಾಬಾದ್ ಕಲ್ಲು ಏನು ಪಾಪ ಮಾಡಿದೆ?

ಬೇಸಿಗೆಯಲ್ಲಿ ಮಾತ್ರ ಒಂದು ವಿಷಯಕ್ಕೆ ಕೈ ಬಿಗಿ ಹಿಡಿಯಬೇಡಿ. 750 ಮಿ.ಲೀ. ನೀರಿನ ಎರಡು ಬಾಟಲಿ ತುಂಬಿದರೆ ಒಂದೂವರೆ ಕಿಲೋ, ನೀವು ಇಳಿಸಬೇಕೆಂದಿರುವಷ್ಟೇ. ಏರು ಬಂತೆಂದು ಒಂದನ್ನು ಚೆಲ್ಲಿ ಹೋದ ಹುಡುಗನೊಬ್ಬನನ್ನು ಏಪ್ರಿಲ್ ತಿಂಗಳಲ್ಲಿ ರಸ್ತೆ ಬದಿಯ ಬೇವಿನ ಮರದ ಕೆಳಗೆ ಮಲಗಿಸಿ ತಲೆಗೆ ನೀರು ಹಾಕಿದ್ದೇನೆ.

ಮುರಿದ ಎರಡು ಕಡ್ಡಿಗಳನ್ನು ಎಸೆದಿಲ್ಲವಾದರೆ ಹುಡುಕಿ ತೆಗೆಯಿರಿ. ಮೊಣಕೈಯಲ್ಲಿ ಮುರಿದಿದ್ದರೆ ಮೇಲೆ ಹೇಳಿದ್ದೇ ಕಾರಣ. ರಿಮ್ ಕಡೆಯ ತುದಿಯ ತಿರುಪಿನ ಗೆರೆಗಳಲ್ಲಿ ಮುರಿದಿದ್ದರೆ ಕಡ್ಡಿಯ ಉದ್ದ ಸರಿಯಿಲ್ಲ ಅಥವಾ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಕೂರುವ ತೂತು ವಾಲಿದೆ, ಅದಕ್ಕೆ ಮದ್ದು ಬೇರೆ. ನಡುವೆ ಮುರಿದಿದ್ದರೆ ಹಿಂದೊಮ್ಮೆ ಚೈನ್ ಒಳಗೆ ಬಿದ್ದು ಕಡ್ಡಿಯನ್ನು ಕಚ್ಚಿರಬೇಕು. ಆಗ ಅಕ್ಕಪಕ್ಕದ ಕಡ್ಡಿಗಳಲ್ಲೂ ಹಲ್ಲಿನ ಗುರುತಿದೆಯೇ ನೋಡಿ, ಗೇರಿನ ಒಳಮಿತಿಯ ಸ್ಕ್ರೂ ಸರಿಪಡಿಸದೆ ಹೊಸ ಚಕ್ರ ಹಾಕಬೇಡಿ. ಹೊಸದಾಗಿ ಕಟ್ಟಿದ ಚಕ್ರವನ್ನು 200 ಕಿ.ಮೀ. ತುಳಿದ ಮೇಲೆ ಒಮ್ಮೆ ತಂದು ಬಿಗಿತ ನೋಡಿಸಿ, ಕಡ್ಡಿಗಳು ಅಷ್ಟರಲ್ಲಿ ತಮ್ಮ ಜಾಗದಲ್ಲಿ ಕೂತಿರುತ್ತವೆ. ಅಲ್ಲಿಯವರೆಗೆ ಬೀದರ್ ಸವಾರಿ ಬೇಡ, ಮಳಖೇಡದವರೆಗೆ ಹೋಗಿ ಬನ್ನಿ.